ವಾಹನಮುಕ್ತ ರಸ್ತೆ: ಯಾರಿಗೆ ಮುಕ್ತ?

ಪೇಪರ್‌ನಲ್ಲಿ ‘ರಸ್ತೆ ಸಂಚಾರಕ್ಕೆ ಮುಕ್ತ’ ಅಂತ ಬಂದರೆ ನಮಗೆ ಖುಷಿ. ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದ ಕೆಲಸ ಮುಗಿಯಿತು, ಇನ್ನು ಗಾಡಿ ಹತ್ತಿ ಕುಮಟಾಕ್ಕೆ ಹೋಗಬಹುದು ಅಂತ. ‘ವಾಹನಮುಕ್ತ ರಸ್ತೆ’ ಅಂದರೆ ಪೂರ್ತಿ ಉಲ್ಟಾ. ಅಲ್ಲಿಗೆ ಗಾಡಿ ತರುವ ಹಾಗಿಲ್ಲ. ಪದ ಮಾತ್ರ ಅದೇ ‘ಮುಕ್ತ’. ಮೊದಲನೆಯದಕ್ಕೆ ತೆರೆದದ್ದು ಅಂತ ಅರ್ಥ. ಎರಡನೆಯದಕ್ಕೆ ಬಿಡುಗಡೆ ಪಡೆದದ್ದು ಅಂತ. ಋಣಮುಕ್ತ, ರೋಗಮುಕ್ತ ಅಂತೀವಲ್ಲ, ಹಾಗೆ.

ಆದರೆ ಶಿರಸಿಯಲ್ಲಿ ನಾಲ್ಕು ಜನ ಸೇರಿ ಸಿ.ಪಿ. ಬಜಾರಿನ ಗಾಡಿ ಗದ್ದಲದ ಮಾತು ತೆಗೆದರೆ ಈ ಪದ ಬರುವುದೇ ಇಲ್ಲ. ಬರುವುದು ‘ಬಂದ್’. “ಬಜಾರ್ ರಸ್ತೆ ಬಂದ್ ಮಾಡ್ಬೇಕು ಮಾರಾಯ್ರೆ” ಅಂತ ಒಬ್ಬರು ಅಂದರೆ ಸಾಕು, ಅಂಗಡಿಯವರ ಮುಖ ಬಿಗಿಯುತ್ತದೆ. ಬಂದ್ ಅಂದಕೂಡಲೇ ಅವರ ಕಿವಿಗೆ ಶಟರ್ ಎಳೆದ ಸದ್ದು ಕೇಳುತ್ತದೆ. ಮಾತು ಅಲ್ಲೇ ಕೆಡುತ್ತದೆ.

ಹಾಗಾದರೆ ವಾಹನಮುಕ್ತ ರಸ್ತೆ ಅಂದರೇನು? ಒಂದು ಬೀದಿಯನ್ನು, ಅಥವಾ ಅದರ ಒಂದು ತುಂಡನ್ನು, ಗೊತ್ತು ಮಾಡಿದ ಹೊತ್ತಿನಲ್ಲಿ ನಡೆಯುವವರಿಗೆ ಬಿಟ್ಟುಕೊಡುವುದು. ಅಂಗಡಿಗಳು ತೆರೆದೇ ಇರುತ್ತವೆ. ಆಂಬುಲೆನ್ಸ್, ಅಗ್ನಿಶಾಮಕ ದಳದ ಗಾಡಿಗೆ ದಾರಿ ಇಟ್ಟೇ ಇಡಬೇಕು. ದಿನವಿಡೀ ಆಗಬೇಕೆಂದೂ ಇಲ್ಲ. ದೆಹಲಿಯ ಚಾಂದನಿ ಚೌಕದಲ್ಲಿ 2021ರಿಂದ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನ ಬಿಡಬಾರದು ಅಂತ ನಿಯಮ. ಸೈಕಲ್ ರಿಕ್ಷಾ ಓಡಾಡುತ್ತವೆ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ಶನಿವಾರ, ಭಾನುವಾರ ಮಾತ್ರ ಗಾಡಿ ತಡೆದಿದ್ದರು.

ಪದ ಹೊಸದಾದರೂ ಸಂಗತಿ ನಮಗೆ ಹೊಸದಲ್ಲ. 2 ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಪೇಟೆಯ ನಡುವೆ ಗಾಡಿ ಎಲ್ಲಿ ಓಡುತ್ತದೆ? ದೇವಿ ಬಿಡ್ಕಿಬೈಲಿನ ಗದ್ದುಗೆಯಲ್ಲಿ ಕೂತಿರುವಷ್ಟು ದಿನ ರಸ್ತೆ ತುಂಬಾ ಜನವೇ. ಮಕ್ಕಳು ಕೈ ಬಿಡಿಸಿಕೊಂಡು ಬಳೆ ಅಂಗಡಿಯ ಮುಂದೆ ನಿಂತರೂ ಯಾರೂ ಹಾರ್ನ್ ಹೊಡೆಯುವುದಿಲ್ಲ. ‘ರಸ್ತೆ ಬಂದ್’ ಅಂತ ಆಗ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಅಲ್ವಾ? ಗೋಕರ್ಣದ ರಥಬೀದಿಯನ್ನು ಇಂಗ್ಲಿಷ್‌ನಲ್ಲಿ ‘ಕಾರ್ ಸ್ಟ್ರೀಟ್’ ಅನ್ನುತ್ತಾರೆ. ಅಲ್ಲಿ ಕಾರ್ ಅಂದರೆ ತೇರು. ತೇರು ಬರುವುದು ವರ್ಷದಲ್ಲಿ ಕೆಲವೇ ದಿನ. ಮೋಟಾರು ಗಾಡಿ ಬರುವ ಮೊದಲು ಉಳಿದ ದಿನ ಅಲ್ಲಿ ಹೆಚ್ಚಿನವರು ನಡೆದೇ ಓಡಾಡುತ್ತಿದ್ದಿರಬೇಕು.

ನನಗೆ ಈ ವಿಷಯ ಇಷ್ಟು ಮುಖ್ಯ ಯಾಕೆ ಅಂದರೆ, ನನ್ನ ಆಯಿ ಬಜಾರಿಗೆ ಬರುವುದನ್ನೇ ಬಿಟ್ಟಿದ್ದಾಳೆ. ಒಂದು ಸಂಜೆ ಅವಳ ಕೈಚೀಲದ ಹಿಡಿಕೆ ಬೈಕಿನ ಹ್ಯಾಂಡಲ್‌ಗೆ ಸಿಕ್ಕಿತು. ಎರಡು ಹೆಜ್ಜೆ ಎಳೆದುಕೊಂಡೇ ಹೋಯಿತು. ಹಿಡಿಕೆ ಹರಿಯಿತು, ಇಲ್ಲದಿದ್ದರೆ ಬೀಳುತ್ತಿದ್ದಳು. ಒಣಮೆಣಸಿನ ಪೊಟ್ಟಣ ಒಡೆದು ಗಟಾರದ ಕಲ್ಲಿನ ಮೇಲೆಲ್ಲ ಚೆಲ್ಲಿತು. ಅವಳು ಅಲ್ಲೇ ಬಗ್ಗಿ ಒಂದೊಂದಾಗಿ ಆರಿಸತೊಡಗಿದಳು. ಹಿಂದಿನಿಂದ ಹಾರ್ನ್. ಬೈಕಿನ ಹುಡುಗನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಎದುರಿಗೆ ಕಾರು, ಎಡಕ್ಕೆ ನಿಲ್ಲಿಸಿದ ಸ್ಕೂಟರ್ ಸಾಲು. ಅವನಿಗೂ ಜಾಗ ಇರಲಿಲ್ಲ. ಈಗ ಆಯಿ ಚೀಟಿ ಬರೆದು ಕೊಡುತ್ತಾಳೆ, ನಾನು ತರುತ್ತೇನೆ. ಚೀಟಿಯಲ್ಲಿ ಇದ್ದದ್ದಷ್ಟೇ. ಅವಳೇ ಬಂದಿದ್ದರೆ ದಾರಿಯಲ್ಲಿ ಕಂಡ ಇನ್ನೆರಡು ಸಾಮಾನು ಕೊಳ್ಳುತ್ತಿದ್ದಳು. ಗಾಡಿ ನಿಂತರೆ ಗಿರಾಕಿ ಹೋಗುತ್ತಾರೆ ಅನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅಂಗಡಿಯವರ ಹೆದರಿಕೆ ಸುಮ್ನೆ ಅಲ್ಲ ಅನ್ನುವುದೂ ನಿಜ. ಶಿರಸಿಯ ಮಳೆಯಲ್ಲಿ ಒಂದು ಕೈಲಿ ಕೊಡೆ, ಇನ್ನೊಂದು ಕೈಲಿ ಅಕ್ಕಿ ಚೀಲ ಹಿಡಿದು ಎಷ್ಟು ದೂರ ನಡೆಯುತ್ತಾರೆ? ಹಳ್ಳಿಯಿಂದ ಬಂದವರು ಗಾಡಿ ಎಲ್ಲಿ ಇಡಬೇಕು? ಅದಕ್ಕೆ ಜಾಗ ತೋರಿಸದೆ ಬಜಾರಿನಲ್ಲಿ ತಡೆದರೆ ಗದ್ದಲವೆಲ್ಲ ಅಕ್ಕಪಕ್ಕದ ರಸ್ತೆಗೆ ನುಗ್ಗುತ್ತದೆ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲೂ ವ್ಯಾಪಾರಿಗಳು ಇದೇ ಹೆದರಿಕೆಯಿಂದ ವಿರೋಧಿಸಿದ್ದರು. ಅಲ್ಲಿನ ಸ್ಟ್ರೋಯೆಟ್ ಬೀದಿಯಲ್ಲಿ 1962ರಲ್ಲಿ ಗಾಡಿ ನಿಲ್ಲಿಸಿದ್ದು ಪ್ರಯೋಗ ಅಂತ. ಪಕ್ಕಾ ಆಗಿದ್ದು 1964ರಲ್ಲಿ.

ಪ್ರಯೋಗಕ್ಕೆ ನಮ್ಮ ಕಾನೂನಿನಲ್ಲೂ ಜಾಗ ಇದೆ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಪ್ರಕಾರ ಒಂದು ರಸ್ತೆಯಲ್ಲಿ ವಾಹನ ನಿರ್ಬಂಧಿಸಬಹುದು. ಘಟ್ಟದ ರಸ್ತೆ ನಿಲ್ಲಿಸುವಾಗ ಜಿಲ್ಲಾಧಿಕಾರಿಗಳು ಹೊರಡಿಸುವ ಆದೇಶದಲ್ಲಿ ಈ ಕಲಮಿನ ಹೆಸರು ಕಾಣುತ್ತದೆ. ನಿರ್ಬಂಧ 1 ತಿಂಗಳು ಮೀರದಿದ್ದರೆ ರಾಜ್ಯಪತ್ರದಲ್ಲಿ (ಗೆಜೆಟ್) ಪ್ರಕಟಿಸುವುದೂ ಬೇಡ, ಊರಿನಲ್ಲಿ ಸಾಧ್ಯವಾದಷ್ಟು ಪ್ರಚಾರ ಕೊಟ್ಟರಾಯಿತು. ಮಳೆಗಾಲ ಮುಗಿದ ಮೇಲೆ ಒಂದೇ ಒಂದು ತಿಂಗಳು, ಸಂಜೆ ಹೊತ್ತು ಮಾತ್ರ ಮಾಡಿ ನೋಡಬಹುದು ಅನ್ನುವುದು ನನ್ನ ಆಸೆ.

ನಮಗೆ ಪರಿಚಯದ ಕಿರಾಣಿ ಅಂಗಡಿಯವರ ಹತ್ತಿರ ಮೊನ್ನೆ ‘ಬಂದ್’ ಅನ್ನುವ ಪದ ಬಿಟ್ಟು ಇದನ್ನೇ ಹೇಳಿದೆ. ಸಂಜೆ ಎರಡು ತಾಸು ಬಜಾರನ್ನು ನಡೆಯುವವರಿಗೆ ಬಿಟ್ಟರೆ ಹೇಗೆ ಅಂತ ಕೇಳಿದೆ. ಅವರು ತಕ್ಕಡಿ ಕೆಳಗಿಟ್ಟು ಸ್ವಲ್ಪ ಹೊತ್ತು ರಸ್ತೆ ನೋಡಿದರು. “ಎಷ್ಟು ಗಂಟೆಯಿಂದ, ತಮಾ? ನಮ್ಮ ಮಾಲು ಇಳಿಸೋದು ಐದರ ಒಳಗೆ ಮುಗೀತದೆ” ಅಂದರು.