ಚಾಕ್‌ಪೀಸ್ ಗಟ್ಟಿಯಾಗೋದು ಒಣಗಿ ಅಲ್ಲ, ನೀರು ಕುಡಿದು

ರಸ್ತೆ ಮೇಲೆ ಚಿತ್ರ ಬಿಡಿಸೋ ದಪ್ಪ ಚಾಕ್‌ಪೀಸನ್ನ ಮನೇಲೇ ಮಾಡೋದು ಹೇಗೆ ಅಂತ ಯಾರನ್ನ ಕೇಳಿದ್ರೂ ಒಂದೇ ಉತ್ತರ: ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ನೀರು, ಬಣ್ಣ ಹಾಕಿ ಕಲಸಿ, ಟಿಶ್ಯೂ ರೋಲಿನ ರಟ್ಟಿನ ಕೊಳವೆಗೆ ಸುರಿದು ಬಿಸಿಲಿಗಿಡಿ, ಒಣಗಿ ಗಟ್ಟಿಯಾಗುತ್ತೆ. ಈ "ಒಣಗಿ ಗಟ್ಟಿಯಾಗುತ್ತೆ" ಅನ್ನೋದು ಕೇಳಿದ್ರೇ ನಂಗೆ ಮೈಯೆಲ್ಲ ಉರಿಯುತ್ತೆ. ಒಣಗಿ ಗಟ್ಟಿಯಾಗೋದು ಹಸಿಮಣ್ಣು ಕಣ್ರೀ. ಅನುಮಾನ ಇದ್ರೆ ಕೊಳವೆ ಬದ್ಲು ಪ್ಲಾಸ್ಟಿಕ್ ಡಬ್ಬಿಗೆ ಸುರಿದು ಮುಚ್ಚಳ ಬಿಗಿಯಾಗಿ ಹಾಕಿಡಿ, ಆವಿ ಹೊರಗೆ ಹೋಗೋಕೆ ದಾರೀನೇ ಇಲ್ದಿದ್ರೂ ಸ್ವಲ್ಪ ಹೊತ್ತಲ್ಲಿ ಗಟ್ಟಿಯಾಗೇ ಆಗುತ್ತೆ.

ಜಿಪ್ಸಮ್ ಕಲ್ಲಲ್ಲಿ ಕ್ಯಾಲ್ಸಿಯಂ ಸಲ್ಫೇಟ್ ಜೊತೆ ನೀರೂ ಸೇರ್ಕೊಂಡಿರುತ್ತೆ. ಸುಮಾರು 150 ಡಿಗ್ರಿಗೆ ಕಾಯಿಸಿದ್ರೆ ಆ ನೀರಲ್ಲಿ ಮುಕ್ಕಾಲು ಪಾಲು ಹಾರಿಹೋಗಿ ಪುಡಿ ಉಳಿಯುತ್ತೆ, ಅದೇ ಪ್ಲಾಸ್ಟರ್. ನೀರು ಸಿಕ್ಕ ಕೂಡ್ಲೇ ಪುಡಿ ಕರಗುತ್ತೆ, ಕಳ್ಕೊಂಡಿದ್ದ ನೀರನ್ನ ವಾಪಸ್ ಎಳ್ಕೊಂಡು ಸಣ್ಣ ಸಣ್ಣ ಸೂಜಿ ಹರಳಾಗಿ ಬೆಳೆಯುತ್ತೆ, ಆ ಸೂಜಿಗಳು ಜಾಲಿಮುಳ್ಳಿನ ರಾಶಿ ಥರ ಒಂದಕ್ಕೊಂದು ಸಿಕ್ಕಾಕ್ಕೊಂಡು ಬಿಡಿಸೋಕಾಗದ ಹಾಗೆ ಕೂತ್ಬಿಡುತ್ತೆ. ಕಾಯಿಸುವಾಗ ಕೊಟ್ಟ ಶಾಖದಲ್ಲಿ ಒಂದಷ್ಟು ಆಗ ಹೊರಗೆ ಬರುತ್ತೆ, ಕೊಳವೆ ಮುಟ್ಟಿದ್ರೆ ಕೈಗೇ ಗೊತ್ತಾಗುತ್ತೆ. ಈ ನೀರಿನ ಲೆಕ್ಕ ಬಿಡಿಸಿದ್ದು ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೆ. ಅವನಿಗೆ ಹೆಸರು ತಂದ ಆಮ್ಲಜನಕದ ಕೆಲಸಕ್ಕೆಲ್ಲ ಎಷ್ಟೋ ಮುಂಚೆ, 1765ರಲ್ಲಿ, ಇನ್ನೂ 21ರ ಹುಡುಗ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿ ಮುಂದೆ ಓದಿದ ಮೊದಲ ಪ್ರಬಂಧ ಜಿಪ್ಸಮ್ ಬಗ್ಗೆ! ಊರಿಗಂಟಿಕೊಂಡೇ ಇದ್ದ ಮೊಂಮಾರ್ತ್ ಗುಡ್ಡದಲ್ಲಿ ಜಿಪ್ಸಮ್ ಗಣಿಗಳೇ ಇದ್ವು, ಸರಕು ಕಾಲಬುಡದಲ್ಲೇ.

ನಂಗೆ ಭಾರೀ ಇಷ್ಟವಾದ ವಿಷ್ಯ ಇನ್ನೊಂದಿದೆ. 100 ಗ್ರಾಂ ಪುಡಿಗೆ ಹರಳಾಗೋಕೆ ಬೇಕಾದ ನೀರು ಬರೀ 19 ಗ್ರಾಂ ಅಷ್ಟೇ, ಆದ್ರೆ ಅಷ್ಟರಲ್ಲಿ ಕಲಸೋಕೇ ಆಗಲ್ಲ, ಹಾಗಾಗಿ ಮೂರ್ನಾಲ್ಕು ಪಟ್ಟು ಜಾಸ್ತಿ ಹಾಕ್ತೀವಿ. ಆ ಹೆಚ್ಚುವರಿ ನೀರು ಆಮೇಲೆ ನಿಧಾನಕ್ಕೆ ಆವಿಯಾಗಿ, ಇದ್ದ ಜಾಗದಲ್ಲಿ ತೂತು ಬಿಟ್ಟು ಹೋಗುತ್ತೆ. ಬಿಸಿಲಿಗೆ ಕೆಲಸ ಇರೋದು ಇಲ್ಲಿ ಮಾತ್ರ. ತೂತು ಇರೋದ್ರಿಂದ್ಲೇ ಚಾಕ್ ಸವೆಯುತ್ತೆ, ಸವೆದ್ರೇನೇ ಬರೆಯುತ್ತೆ. ನೀರು ತೀರಾ ಕಮ್ಮಿ ಹಾಕಿದ್ರೆ ಗಟ್ಟಿ ಪೀಸ್ ಬರುತ್ತೆ, ಆದ್ರೆ ರಸ್ತೆ ಗೀಚುತ್ತೆ, ಬಣ್ಣ ಬಿಡಲ್ಲ.

ಹಳೇ ಗಟ್ಟಿ ಚೂರು ಅಂಟಿರೋ ಪಾತ್ರೇಲಿ ಕಲಸ್ಬೇಡಿ, ಹೊಸ ಹರಳು ಆ ಚೂರನ್ನೇ ಹಿಡ್ಕೊಂಡು ಬೆಳೆದು ಸುರಿಯೋಕೆ ಮುಂಚೇನೇ ಗಟ್ಟಿಯಾಗುತ್ತೆ. ಮಕ್ಕಳ ಕೈ ಅಚ್ಚು ತೆಗೀತೀನಿ ಅಂತ ಕೈನ ಅದರೊಳಗೆ ಹೂತಿಡೋದಂತೂ ಬೇಡವೇ ಬೇಡ, ದಪ್ಪಗೆ ಇದ್ರೆ ಸುಟ್ಟಗಾಯ ಆಗೋವಷ್ಟು ಬಿಸಿ ಏರುತ್ತೆ. ಮಿಕ್ಕಿದ್ದನ್ನ ಸಿಂಕಿಗೂ ಸುರೀಬೇಡಿ, ಪೈಪೊಳಗೆ ನೀರಿದ್ರೆ ಗಟ್ಟಿಯಾಗಲ್ಲ ಅಂದ್ಕೊಂಡಿದ್ರೆ ಮೇಲಿಂದ ಇನ್ನೊಂದ್ಸಲ ಓದಿ.