ಇಂಗಾಲ ಜಾಸ್ತಿಯೋ, ಕಡಿಮೆಯೋ? ಭೂಮಿಯ ಮುಂದಿನ ದಿನಗಳ ಟಿಪ್ಪಣಿ

ಭೂಮಿಯ ಮುಂದಿನ ದಿನಗಳ ಪಾಠದಲ್ಲಿ ಎರಡು ಮಾತು ಒಂದಕ್ಕೊಂದು ಹೊಂದುವುದಿಲ್ಲ ಅನಿಸುತ್ತದೆ. ಕಾರ್ಬನ್ ಡೈಆಕ್ಸೈಡ್ ಹೆಚ್ಚಾಗಿ ಭೂಮಿ ಬಿಸಿಯಾಗುತ್ತಿದೆ ಅನ್ನುವುದು ಒಂದು. ಮುಂದೊಂದು ದಿನ ಅದೇ ಅನಿಲ ಸಾಲದೆ ಗಿಡಗಳು ಸಾಯುತ್ತವೆ ಅನ್ನುವುದು ಇನ್ನೊಂದು. ಎರಡೂ ಸರಿಯೇ. ಮೊದಲನೆಯದು ನೂರು, ಸಾವಿರ ವರ್ಷಗಳ ಲೆಕ್ಕ. ಎರಡನೆಯದು ಕೋಟಿಗಟ್ಟಲೆ ವರ್ಷಗಳದ್ದು.

ದೂರದ್ದನ್ನೇ ಮೊದಲು ನೋಡೋಣ. ಸೂರ್ಯನ ಬೆಳಕು ನೂರು ಕೋಟಿ ವರ್ಷಕ್ಕೆ ಸುಮಾರು 10% ಹೆಚ್ಚುತ್ತದೆ. ಬಿಸಿ ಏರಿದಂತೆ ಮಳೆ ಜಾಸ್ತಿ, ಕಲ್ಲು ಕರಗುವುದೂ ಜಾಸ್ತಿ. ಮಳೆನೀರು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ತುಸು ಆಮ್ಲವಾಗಿರುತ್ತದಲ್ವಾ, ಅದು ಬಸಾಲ್ಟ್ ಕಲ್ಲನ್ನು ತಿನ್ನುತ್ತದೆ. ವಿಜಯಪುರದ ಎರೆ ಹೊಲಗಳು ಆಗಿದ್ದೇ ಹೀಗೆ, ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾದ ಕಲ್ಲು ಸವೆದು. ಕರಗಿದ್ದು ಡೋಣಿ ನದಿಯಿಂದ ಕೃಷ್ಣೆಗೆ, ಅಲ್ಲಿಂದ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಸಮುದ್ರದ ಜೀವಿಗಳು ಅದನ್ನು ಚಿಪ್ಪು ಮಾಡಿಕೊಳ್ಳುತ್ತವೆ, ಚಿಪ್ಪು ಕೂಡಿ ಸುಣ್ಣದಕಲ್ಲಾಗುತ್ತದೆ. ಅಲ್ಲಿಗೆ ಗಾಳಿಯ ಇಂಗಾಲ ಕಲ್ಲು ಸೇರಿತು. ಬಾಗಲಕೋಟೆ, ಲೋಕಾಪುರದ ಕಡೆ ಸಿಗುವ ಸುಣ್ಣದಕಲ್ಲೂ ಪುರಾತನ ಸಮುದ್ರದ್ದೇ. ಆದರೆ ಅದು ಚಿಪ್ಪಿನ ಪ್ರಾಣಿಗಳು ಹುಟ್ಟುವುದಕ್ಕೂ ಎಷ್ಟೋ ಮುಂಚಿನದು.

ಜ್ವಾಲಾಮುಖಿಗಳು ಈ ಅನಿಲವನ್ನು ಮತ್ತೆ ಹೊರಗೆ ಬಿಡುತ್ತವೆ. ಆದರೂ ಸೂರ್ಯ ಪ್ರಖರವಾದಷ್ಟೂ ಕಲ್ಲಿನ ಪಾಲು ಹೆಚ್ಚುತ್ತಾ ಹೋಗುತ್ತದೆ. ಗಾಳಿಯಲ್ಲಿ ಉಳಿಯುವುದು ಕಡಿಮೆ.

ಇಲ್ಲಿ ಜೋಳದ ಮಾತು ಬರುತ್ತದೆ, ನನಗೆ ತುಂಬಾ ಇಷ್ಟವಾದ ಭಾಗ ಇದು. ಗೋಧಿ, ಕಡಲೆ, ದ್ರಾಕ್ಷಿಯಂಥ ಸಿ-3 ಸಸ್ಯಗಳಿಗೆ (ಅನಿಲವನ್ನು ಒಟ್ಟುಮಾಡಿಕೊಳ್ಳದೆ ನೇರವಾಗಿ ಬಳಸುವ ಬಗೆ) ಸುಮಾರು 150 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಕಣಕ್ಕೆ 150 ಕಣವಾದರೂ ಕಾರ್ಬನ್ ಡೈಆಕ್ಸೈಡ್ ಬೇಕು. ಜೋಳ, ಗೋವಿನಜೋಳ, ಸಜ್ಜೆ, ಬೆಳಗಾವಿಯ ಕಬ್ಬು ಇವು ಸಿ-4. ಎಲೆಯೊಳಗೇ ಅನಿಲವನ್ನು ಒಂದೆಡೆ ಒಟ್ಟುಮಾಡಿಕೊಂಡು ಆಮೇಲೆ ಸಕ್ಕರೆ ಮಾಡುತ್ತವೆ. ಹಾಗಾಗಿ 10 ಪಿಪಿಎಂನಲ್ಲೂ ಇಂಥವು ಹೇಗೋ ಬದುಕಬಲ್ಲವು. 1982ರಲ್ಲಿ ಲವ್‌ಲಾಕ್ ಮತ್ತು ವಿಟ್‌ಫೀಲ್ಡ್ ಎಂಬ ವಿಜ್ಞಾನಿಗಳು ಗಿಡಗಳಿಗೆ ಇನ್ನು ಸುಮಾರು 10 ಕೋಟಿ ವರ್ಷ ಅಂದಿದ್ದರು. 1992ರಲ್ಲಿ ಕಾಲ್ಡೀರಾ ಮತ್ತು ಕಾಸ್ಟಿಂಗ್ ಎಂಬ ಇನ್ನಿಬ್ಬರು ವಿಜ್ಞಾನಿಗಳು ಸಿ-4 ಸಸ್ಯಗಳನ್ನೂ ಲೆಕ್ಕಕ್ಕೆ ಹಿಡಿದರು, ಹವಾಮಾನದ ಮಾದರಿಯನ್ನೂ ತಿದ್ದಿದರು. ಅವಧಿ 90ರಿಂದ 150 ಕೋಟಿ ವರ್ಷಕ್ಕೆ ಜಿಗಿಯಿತು! ಪರೀಕ್ಷೆಯಲ್ಲಿ ಒಂದೇ ಸಂಖ್ಯೆ ಬರೆಯಬೇಡಿ, ಇದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ನಂತರ ಸಮುದ್ರಗಳೂ ಆರಿಹೋಗುತ್ತವೆ, ಕೊನೆಯವರೆಗೆ ಉಳಿಯುವುದು ಬಹುಶಃ ಸೂಕ್ಷ್ಮಜೀವಿಗಳು.

ಇನ್ನು ಹತ್ತಿರದ ಲೆಕ್ಕ. ಕೈಗಾರಿಕೆಗೆ ಮುಂಚೆ 280 ಪಿಪಿಎಂ ಇದ್ದದ್ದು ಈಗ 420 ದಾಟಿದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಮುಖ್ಯ ಕಾರಣ. ಸಿಮೆಂಟಿನ ಪಾಲೂ ಇದೆ: ಸುಣ್ಣದಕಲ್ಲು ಸುಟ್ಟಾಗ ಕಲ್ಲು ಸೇರಿದ್ದ ಇಂಗಾಲ ಮತ್ತೆ ಗಾಳಿಗೆ ಬರುತ್ತದೆ. ಕಲ್ಲು ಅದನ್ನೆಲ್ಲ ವಾಪಸ್ ಹೀರುವುದಕ್ಕೆ ಲಕ್ಷಾಂತರ ವರ್ಷ ಬೇಕು. ಅದಕ್ಕೇ 'ಪ್ರಕೃತಿ ತಾನೇ ಸರಿಮಾಡುತ್ತದೆ' ಅನ್ನುವ ವಾದ ನಮ್ಮ ಕಾಲಕ್ಕೆ ಸುಮ್ನೆ ಮಾತು. ಮುಂದಿನ ಹಿಮಯುಗ ತಡವಾಗಬಹುದು ನಿಜ, ಆದರೆ ಅದು ಸಾವಿರಾರು ವರ್ಷದಾಚೆಯ ಮಾತು.

ಅನಿಲ ಹೆಚ್ಚಾದರೆ ಬೆಳೆಗೆ ಒಳ್ಳೆಯದಲ್ವಾ ಅಂತ ಕೇಳುವವರಿದ್ದಾರೆ. ಸಿ-3 ಬೆಳೆಗೆ ಸ್ವಲ್ಪ ಲಾಭ ಇದೆ, ಬಿಸಿಲು ಮತ್ತು ಬರ ಅದನ್ನು ತಿಂದುಹಾಕದಿದ್ದರೆ. ಜೋಳಕ್ಕೆ ಆ ಲಾಭವೂ ಅಷ್ಟಿಲ್ಲ, ಈಗಿರುವ ಅನಿಲವೇ ಅದಕ್ಕೆ ಸಾಕು. ಹಿಂಗಾರಿ ಬಿಳಿಜೋಳ ಬೆಳೆಯುವುದು ಎರೆ ಮಣ್ಣು ಹಿಡಿದಿಟ್ಟ ಹಸಿಯ ಮೇಲೆ. ಸೆಪ್ಟೆಂಬರ್, ಅಕ್ಟೋಬರ್ ಮಳೆ ಹಿಂದೆಮುಂದಾದರೆ ಸಿ-4 ಆಗಿದ್ದರೂ ತೆನೆ ಕಟ್ಟುವುದು ಕಷ್ಟ.