ಕಲಾತ್ಮಕ ಛಾಯಾಚಿತ್ರಕ್ಕೆ ಸ್ಟುಡಿಯೊ ಬೇಕೇ, ಹಂಚಿನ ಮನೆಯ ಕೋಣೆ ಸಾಕೇ?

ಪ್ರಶ್ನೆ: ಉಡುಪಿ ಸಮೀಪದ ಹಳೆಯ ಹಂಚಿನ ಮನೆಯಲ್ಲಿ ನಮ್ಮ ವಾಸ. ಮದುವೆ, ಉಪನಯನಗಳ ಫೋಟೊ ತೆಗೆದು ಅಭ್ಯಾಸವಿದೆ. ಈಗ ನನ್ನದೇ ಕಲ್ಪನೆಯ ಚಿತ್ರಗಳನ್ನು ತೆಗೆಯಬೇಕೆಂಬ ಆಸೆ. ಇದಕ್ಕಾಗಿ ಪೇಟೆಯಲ್ಲಿ ಸ್ಟುಡಿಯೊ ಬಾಡಿಗೆಗೆ ಹಿಡಿಯಲೇಬೇಕೇ?

ಉತ್ತರ: ಬೇಕಾಗಿಲ್ಲ. ಆದರೆ ನಿಮ್ಮದೇ ಆದ ಒಂದು ಮೂಲೆ ಮಾತ್ರ ಬೇಕೇ ಬೇಕು. ಇಂದು ಇಟ್ಟ ವಸ್ತುವನ್ನು ನಾಳೆಯವರೆಗೆ ಯಾರೂ ಕದಲಿಸದ, ಅದೇ ಬೆಳಕಿಗೆ ಮತ್ತೆ ಮತ್ತೆ ಮರಳಿ ಬರಲು ಸಾಧ್ಯವಾಗುವ ಜಾಗವೇ ಈ ಕಲೆಯ ಮಟ್ಟಿಗೆ ಸ್ಟುಡಿಯೊ.

ಕೋಲ್ಕತ್ತದಲ್ಲಿ ಹುಟ್ಟಿದ ಛಾಯಾಗ್ರಾಹಕಿ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಅವರಿಗೆ ಮೊದಲ ಕ್ಯಾಮೆರಾ ಉಡುಗೊರೆಯಾಗಿ ಬಂದದ್ದು 1863ರಲ್ಲಿ, 48ರ ವಯಸ್ಸಿನಲ್ಲಿ. ಇಂಗ್ಲೆಂಡಿನ ತಮ್ಮ ಮನೆಯ ಕೋಳಿಗೂಡನ್ನೇ ಅವರು ಸ್ಟುಡಿಯೊ ಮಾಡಿಕೊಂಡರು. ಕಲ್ಲಿದ್ದಲು ತುಂಬಿಡುವ ಕೊಟ್ಟಿಗೆ ಕತ್ತಲೆಕೋಣೆಯಾಯಿತು. ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ 1930ರಲ್ಲಿ ತೆಗೆದ ಹೆಸರಾಂತ ದೊಣ್ಣೆಮೆಣಸಿನ ಚಿತ್ರದ ಹಿನ್ನೆಲೆ ಒಂದು ತಗಡಿನ ಆಲಿಕೆಯ ಒಳಮೈ, ಅಷ್ಟೇ. ಆದರೆ ನನಗೆ ಎಲ್ಲರಿಗಿಂತ ಹತ್ತಿರದವರೆನಿಸುವುದು ಪ್ರಾಗ್ ನಗರದ ಯೋಸೆಫ್ ಸುಡೆಕ್. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಅವರು, ಮನೆಗಳ ನಡುವಿನ ಅಂಗಳದಲ್ಲಿದ್ದ ಚಿಕ್ಕ ಮರದ ಸ್ಟುಡಿಯೊದ ಕಿಟಕಿಯನ್ನು 1940ರಿಂದ 1954ರವರೆಗೆ ಚಿತ್ರಿಸುತ್ತಲೇ ಇದ್ದರು. ಹಬೆಗಟ್ಟಿದ ಗಾಜು, ಇಳಿಯುವ ಹನಿಗಳು, ಹೊರಗೊಂದು ಸೊಟ್ಟ ಮರ. ಆಷಾಢದ ಮಳೆಯಲ್ಲಿ ನಮ್ಮ ಕಿಟಕಿಗಳೂ ಹೀಗೆಯೇ ಕಾಣುತ್ತವೆ. ಅದನ್ನು ಹದಿನಾಲ್ಕು ವರ್ಷ ನೋಡುವ ತಾಳ್ಮೆ ಅವರಿಗಿತ್ತು.

ಇನ್ನು ನಿಮ್ಮ ಮನೆಯ ಬೆಳಕು. ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲ, ಆದ್ದರಿಂದ ಅದೇ ಉತ್ತಮ ಎಂದು ಬಹಳಷ್ಟು ಕೈಪಿಡಿಗಳು ಹೇಳುತ್ತವೆ. ಅದು ಯುರೋಪಿನಂತಹ ದೂರದ ಉತ್ತರ ದೇಶಗಳ ಮಾತು. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುಭಾಗದವರೆಗೆ ನಮ್ಮ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಹಾಗಾಗಿ ಮೇ ತಿಂಗಳಲ್ಲಿ ಬೆಳಗ್ಗೆ ಮತ್ತು ಸಂಜೆ ಉತ್ತರದ ಕಿಟಕಿಗೂ ಓರೆ ಬಿಸಿಲು ಬರುತ್ತದೆ. ನಡುಹಗಲಿನದನ್ನು ಇಳಿಮಾಡಿನ ಅಗಲವಾದ ಸೂರು ತಡೆಯುತ್ತದೆ. ಜೂನ್‌ನಲ್ಲಿ ಮೋಡ ಕವಿದ ಮೇಲೆ ದಿಕ್ಕಿನ ಲೆಕ್ಕ ಬಹುಮಟ್ಟಿಗೆ ಸಡಿಲವಾಗಿ, ಇಡೀ ಆಕಾಶವೇ ಮೃದುವಾದ ಬೆಳಕಿನ ಹಾಸಾಗುತ್ತದೆ. ತುಳುನಾಡಿನ ಮಳೆಗಾಲದ ಆಟಿ ತಿಂಗಳನ್ನು ಕೆಲಸವಿಲ್ಲದ ಕಾಲವೆಂದು ನಮ್ಮ ಛಾಯಾಗ್ರಾಹಕರು ಕೈಬಿಡುವುದು ನನಗೆ ನಿಜವಾಗಿಯೂ ನೋವಿನ ಸಂಗತಿ, ಏಕೆಂದರೆ ಮುಖಗಳಿಗೆ ಅಂತಹ ಬೆಳಕು ವರ್ಷದಲ್ಲಿ ಬೇರೆ ಯಾವಾಗಲೂ ಸಿಗದು.

ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯಲ್ಲೆಲ್ಲ ಹಬ್ಬಿದ ಹಂಚಿನ ಮಾಡಿನಲ್ಲಿ ಇನ್ನೊಂದು ಉಪಕಾರವಿದೆ: ಗಾಜಿನ ಹಂಚು. ಅದರ ಕೆಳಗೆ ಮನುಷ್ಯರನ್ನು ಕೂರಿಸಬೇಡಿ. ನೆತ್ತಿಯ ಬೆಳಕು ಕಣ್ಣಗುಳಿಗಳನ್ನು ಕಪ್ಪಾಗಿಸುತ್ತದೆ. ಆದರೆ ಅಡಿಕೆ ಹಾಳೆ, ಕಂಚಿನ ಪಾತ್ರೆ, ಸುಲಿದ ತೆಂಗಿನಕಾಯಿಗಳ ಮೈಯ ಉಬ್ಬುತಗ್ಗುಗಳನ್ನು ಅದು ತೋರಿಸುವ ರೀತಿಯೇ ಬೇರೆ. ಬಿಸಿಲಿನ ತುಂಡು ನೆಲದ ಮೇಲೆ ಸರಿಯುತ್ತಲೇ ಇರುವುದರಿಂದ ಎಲ್ಲಿ ಯಾವ ಹೊತ್ತಿಗೆ ಬೀಳುತ್ತದೆಂದು ಕೆಲವು ದಿನ ಸೀಮೆಸುಣ್ಣದಲ್ಲಿ ಗುರುತು ಹಾಕಿ ನೋಡಿ.

ಕೆಂಪು ನೆಲದ ಬಗ್ಗೆ ಮಾತ್ರ ಎಚ್ಚರವಿರಲಿ. ಅದಕ್ಕೆ ತಾಗಿ ಮೇಲೇಳುವ ಬೆಳಕು ಗಲ್ಲದ ಕೆಳಗೆ ಕೆಂಪು ಛಾಯೆ ಬಳಿಯುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ತೆಗೆಯುವುದು ಕಷ್ಟ. ಬಿಳಿ ಪಂಚೆ ಹಾಸಿದರೆ ತೊಂದರೆಯಿಲ್ಲ. ಅಂತಹದೇ ಇನ್ನೊಂದು ಪಂಚೆಯನ್ನು ಕಿಟಕಿಗೆ ಎದುರಾಗಿ ತೂಗುಹಾಕಿದರೆ ನೆರಳಿನ ಬದಿಯೂ ತಿಳಿಯಾಗುತ್ತದೆ. ಒಳಗೆ ಬೆಳಕು ಕಡಿಮೆ ಇರುವುದರಿಂದ ಟ್ರೈಪಾಡ್ ಬೇಕು. ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಹಿಡಿಯದಂತೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆಗಿಡಬೇಕು. ಆಳೆತ್ತರದ ಹಿನ್ನೆಲೆ ಪರದೆ, ಹಲವು ಫ್ಲ್ಯಾಶ್‌ಗಳು ಬೇಕಾಗುವ ಚಿತ್ರ ಮನಸ್ಸಿಗೆ ಬಂದ ದಿನ, ಆ ಒಂದು ದಿನದ ಮಟ್ಟಿಗೆ ಪೇಟೆಯ ಸ್ಟುಡಿಯೊವನ್ನು ಬಾಡಿಗೆಗೆ ಪಡೆಯಿರಿ.